ಸ್ಥಾನನಿರ್ದೇಶ: ಗಣಕಯಂತ್ರದ ಕಟ್ಟಡ ನಕ್ಷೆಯಲ್ಲಿ ಸಾಪೇಕ್ಷ ನಿರ್ದೇಶಾಂಕಗಳು

ಪೀಠಿಕೆ

ಒಂದು ವಸ್ತು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವು ಯಾವಾಗಲೂ ಮತ್ತೊಂದು ವಸ್ತುವನ್ನು ಆಶ್ರಯಿಸಿಯೇ ಇರುತ್ತದೆ. ಬಾವಿಯು ಊರಬಾಗಿಲಿನಿಂದ ಮೂಡಣಕ್ಕೆ ನೂರು ಮಾರು ದೂರದಲ್ಲಿದೆ ಎಂದರೆ ದಾರಿಹೋಕನಿಗೆ ನೀರು ದೊರೆಯುತ್ತದೆ. ಬಾವಿಯು ನೂರು ಮಾರು ದೂರದಲ್ಲಿದೆ ಎಂದಷ್ಟೇ ಹೇಳಿದರೆ ಆತನು ಬಾಯಾರಿಯೇ ಅಲೆಯಬೇಕಾಗುತ್ತದೆ. ಎರಡನೆಯ ಮಾತಿನಲ್ಲಿ ಎಣಿಕೆಯು ತಪ್ಪಿಲ್ಲ. ಎಲ್ಲಿಂದ, ಯಾವ ಕಡೆಗೆ ಎಂಬ ಎರಡು ಅಂಶಗಳು ಮಾತ್ರ ಬಿಟ್ಟುಹೋಗಿವೆ.

ಈ ಸಣ್ಣ ಲೋಕಾನುಭವವೇ ಇಂದು ಗಣಕಯಂತ್ರದ ಮುಂದೆ ಕುಳಿತು ಕಟ್ಟಡದ ನಕ್ಷೆಯನ್ನು ರಚಿಸುವವರ ವಿದ್ಯೆಗೆ ತಳಹದಿಯಾಗಿದೆ. ಪ್ರೌಢಶಾಲೆಯಲ್ಲಿ ಎಕ್ಸ್-ಅಕ್ಷ, ವೈ-ಅಕ್ಷ, ಮೂಲಬಿಂದು ಎಂದು ಗಣಿತದ ಪಾಠವಾಗಿ ಕಲಿತ ವಿಷಯವೇ ಮುಂದೆ ಪಾಲಿಟೆಕ್ನಿಕ್ಕಿನಲ್ಲಿಯೂ ಐಟಿಐಯಲ್ಲಿಯೂ ನಕ್ಷೆಗಾರಿಕೆಯನ್ನು ಕಲಿಯುವ ವಿದ್ಯಾರ್ಥಿಗೆ ಕೈಕಸುಬಾಗುತ್ತದೆ. ತೆರೆಯ ಮೇಲೆ ತಪ್ಪಾಗಿ ಎಳೆದ ಗೆರೆಯನ್ನು ಒಂದು ಕೀಲಿಯನ್ನು ಒತ್ತಿ ಅಳಿಸಬಹುದು. ಆದರೆ ಅದೇ ಗೆರೆಯನ್ನು ನಂಬಿ ಪಾಯ ತೋಡಿ, ಕಂಬವೆತ್ತಿ, ಕಾಂಕ್ರೀಟು ಸುರಿದ ಬಳಿಕ ಅಳಿಸುವ ಕೀಲಿ ಯಾವುದೂ ಇಲ್ಲ. ಆದುದರಿಂದ ಬಿಂದುವನ್ನು ನಿಖರವಾಗಿ ನೆಲೆಗೊಳಿಸುವ ಕ್ರಮವನ್ನು, ಅದರಲ್ಲಿಯೂ ಸಾಪೇಕ್ಷ ನಿರ್ದೇಶಾಂಕಗಳ ಕ್ರಮವನ್ನು, ಇಲ್ಲಿ ಉದಾಹರಣೆ ಸಹಿತ ವಿವರಿಸಲಾಗಿದೆ.

ವ್ಯಾಕರಣದ ಒಂದು ದೃಷ್ಟಾಂತ

ವಿಷಯವು ಹೊಸದಾದರೂ ಅದರ ಹಿಂದಿನ ವಿಚಾರವು ವ್ಯಾಕರಣ ಓದಿದವರಿಗೆ ಅಪರಿಚಿತವಲ್ಲ. ‘ಶಾಲೆಯಲ್ಲಿ’ ಎಂಬುದು ಸಪ್ತಮೀ. ಅದು ಇರುವ ಎಡೆಯನ್ನು ಹೇಳುತ್ತದೆ. ‘ಶಾಲೆಯ ದೆಸೆಯಿಂದ’ ಎಂಬುದು ಪಂಚಮೀ. ಅದು ಹೊರಟ ಎಡೆಯನ್ನು ಹೇಳುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಹೇಳಿದ್ದಾನೆ. ‘ಅತ್ತ’ ಎಂದರೆ ಆ ಕಡೆ. ‘ದೆಸೆ’ ಎಂದರೆ ದಿಕ್ಕು. ಹಳಗನ್ನಡದ ಪ್ರತ್ಯಯವಾಗಲಿ ಹೊಸಗನ್ನಡದ ಪ್ರತ್ಯಯವಾಗಲಿ, ಅಗಲಿಕೆಯನ್ನು ಹೇಳುವಾಗ ದಿಕ್ಕಿನ ಅರ್ಥವನ್ನು ತನ್ನೊಳಗೇ ಇರಿಸಿಕೊಂಡಿರುವುದು ಗಮನಾರ್ಹವಾಗಿದೆ.

ಪಾಣಿನಿಯು ಅಪಾದಾನ ಕಾರಕದ ಲಕ್ಷಣವನ್ನು ಹೇಳುವಲ್ಲಿ, ಒಂದರಿಂದ ಮತ್ತೊಂದು ಅಗಲುವಾಗ ಯಾವುದು ಸ್ಥಿರವೋ ಅದು ಅಪಾದಾನ ಎಂದು ವಿಧಿಸಿದನು. ಸ್ಥಿರವೆಂಬ ಅರ್ಥದಲ್ಲಿ ಆತನು ಬಳಸಿದ ಪದ ‘ಧ್ರುವ’. ಇಲ್ಲಿ ಒಂದು ಶಂಕೆ ಹುಟ್ಟುತ್ತದೆ: ಓಡುತ್ತಿರುವ ಕುದುರೆಯಿಂದ ಸವಾರನು ಬಿದ್ದರೆ ಕುದುರೆಯು ಧ್ರುವವಾಗುವುದು ಹೇಗೆ? ಕುದುರೆಯು ಲೋಕದೃಷ್ಟಿಯಿಂದ ಚಲಿಸುತ್ತಿದ್ದರೂ ಆ ಬೀಳುವಿಕೆಯ ಮಟ್ಟಿಗೆ ಅದೇ ಆಧಾರವಾದುದರಿಂದ ಅದು ಧ್ರುವವೇ ಎಂಬುದು ವ್ಯಾಖ್ಯಾನಕಾರರ ಸಮಾಧಾನ. ಮುಂದೆ ಹೇಳಲಿರುವ ಸಾಪೇಕ್ಷ ನಿರ್ದೇಶಾಂಕದಲ್ಲಿಯೂ ಹೀಗೆಯೇ. ಆಧಾರಬಿಂದುವು ಹೆಜ್ಜೆಹೆಜ್ಜೆಗೂ ಬದಲಾಗುತ್ತ ಹೋಗುತ್ತದೆ. ಆದರೆ ಆಯಾ ಹೆಜ್ಜೆಯ ಮಟ್ಟಿಗೆ ಅದು ಧ್ರುವವಾಗಿರುತ್ತದೆ.

ಹಿನ್ನೆಲೆ

ನೆಲದ ಮೇಲೆ ಮೊದಲು ಒಂದು ಸ್ಥಿರರೇಖೆಯನ್ನು ಹಾಕಿ, ಅದರಿಂದ ಉಳಿದುದನ್ನು ಅಳೆಯುವ ಪದ್ಧತಿ ಬಹಳ ಪ್ರಾಚೀನವಾದುದು. ಬೋಧಾಯನಾದಿಗಳ ಶುಲ್ಬಸೂತ್ರಗಳಲ್ಲಿ ಯಜ್ಞವೇದಿಯ ರಚನೆಗೆ ಪೂರ್ವ-ಪಶ್ಚಿಮ ರೇಖೆಯನ್ನು ಮೊದಲು ನಿಶ್ಚಯಿಸಿ, ಗೂಟಗಳನ್ನು ನೆಟ್ಟು, ಹಗ್ಗದಿಂದ ಎರಡು ಪಕ್ಕಗಳನ್ನೂ ಅಳೆಯುವ ವಿಧಾನವಿದೆ. ಪಾಶ್ಚಾತ್ಯರಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ರೇಖಾಗಣಿತ ಗ್ರಂಥದಲ್ಲಿ ರೇಖೆಗೂ ಬೀಜಗಣಿತಕ್ಕೂ ಸಂಬಂಧವನ್ನು ಏರ್ಪಡಿಸಿದನು. ಎರಡು ಸಂಖ್ಯೆಗಳಿಂದ ಒಂದು ಬಿಂದುವನ್ನು ಹೇಳುವ ಇಂದಿನ ಕ್ರಮಕ್ಕೆ ಆತನ ಹೆಸರೇ ನಿಂತಿದೆ.

ಗಣಕಯಂತ್ರದ ತೆರೆಯ ಮೇಲೆ ರೇಖೆಗಳನ್ನು ಬರೆಯುವ ಮಹತ್ತ್ವದ ಪ್ರಯತ್ನವು 1963ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಐವಾನ್ ಸದರ್ಲೆಂಡ್ ರಚಿಸಿದ ಸ್ಕೆಚ್‌ಪ್ಯಾಡ್ ಎಂಬ ಕಾರ್ಯಕ್ರಮದಿಂದ ಆಯಿತು. 1982ರಲ್ಲಿ ಆಟೋಡೆಸ್ಕ್ ಸಂಸ್ಥೆಯು ಆಟೋಕ್ಯಾಡ್ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ಈ ವಿದ್ಯೆಯು ಸಣ್ಣ ಗಣಕಯಂತ್ರಗಳಿಗೂ ಇಳಿದುಬಂದಿತು. ಹಂಗೆರಿಯ ಆರ್ಕಿಕ್ಯಾಡ್, ಅನಂತರದ ಸ್ಕೆಚ್‌ಅಪ್ ಮುಂತಾದವು ಬೇರೆ ಬೇರೆ ಬಗೆಯವಾದರೂ ಸ್ಥಾನನಿರ್ದೇಶದ ತತ್ತ್ವ ಎಲ್ಲದರಲ್ಲಿಯೂ ಒಂದೇ. ಇಲ್ಲಿ ಮುಖ್ಯವಾಗಿ ಆಟೋಕ್ಯಾಡಿನ ರೀತಿಯನ್ನು ಅನುಸರಿಸಲಾಗಿದೆ.

ನಿರಪೇಕ್ಷ ಮತ್ತು ಸಾಪೇಕ್ಷ

ನಕ್ಷೆಯ ಸಮತಲದಲ್ಲಿ (0,0) ಎಂಬುದು ಮೂಲಬಿಂದು. ಬಲಕ್ಕೆ ಹೋದಂತೆ ಎಕ್ಸ್ ಬೆಲೆಯೂ ಮೇಲಕ್ಕೆ ಹೋದಂತೆ ವೈ ಬೆಲೆಯೂ ಹೆಚ್ಚುತ್ತವೆ. ಎಡಕ್ಕೂ ಕೆಳಕ್ಕೂ ಋಣಚಿಹ್ನೆ. ನಕ್ಷೆಯ ಮೇಲ್ಭಾಗವನ್ನು ಉತ್ತರವೆಂದು ಭಾವಿಸಿದರೆ ಬಲವು ಪೂರ್ವವಾಗುತ್ತದೆ. ಮೂಲಬಿಂದುವಿನಿಂದಲೇ ಅಳೆದು ಹೇಳಿದ ಸಂಖ್ಯಾಯುಗ್ಮವು ನಿರಪೇಕ್ಷ ನಿರ್ದೇಶಾಂಕ. ಉದಾಹರಣೆಗೆ 10000,5000 ಎಂದರೆ ಮೂಲದಿಂದ ಪೂರ್ವಕ್ಕೆ 10000, ಉತ್ತರಕ್ಕೆ 5000 ಮಿಲಿಮೀಟರು.

ಕೊನೆಯದಾಗಿ ನಮೂದಿಸಿದ ಬಿಂದುವಿನಿಂದ ಅಳೆದು ಹೇಳಿದುದು ಸಾಪೇಕ್ಷ ನಿರ್ದೇಶಾಂಕ. ಇದಕ್ಕೆ ಆಟೋಕ್ಯಾಡಿನಲ್ಲಿ @ ಎಂಬ ಚಿಹ್ನೆಯನ್ನು ಮೊದಲಿಗೆ ಹಚ್ಚಬೇಕು. @3000,0 ಎಂದರೆ ಹಿಂದಿನ ಬಿಂದುವಿನಿಂದ ಪೂರ್ವಕ್ಕೆ 3000. @0,-1500 ಎಂದರೆ ಹಿಂದಿನ ಬಿಂದುವಿನಿಂದ ದಕ್ಷಿಣಕ್ಕೆ 1500. ಈ ಚಿಹ್ನೆಯನ್ನು ‘ಅಲ್ಲಿಂದ’ ಎಂದು ಓದಿಕೊಂಡರೆ ವಿದ್ಯಾರ್ಥಿಗೆ ಎಂದಿಗೂ ಮರೆಯುವುದಿಲ್ಲ. ಸ್ಕೆಚ್‌ಅಪ್‌ನಲ್ಲಿ ಇದೇ ಭೇದವನ್ನು ಆವರಣ ಚಿಹ್ನೆಗಳು ತೋರಿಸುತ್ತವೆ: [ ] ಎಂಬುದರೊಳಗೆ ಬರೆದುದು ನಿರಪೇಕ್ಷ, < > ಎಂಬುದರೊಳಗೆ ಬರೆದುದು ಸಾಪೇಕ್ಷ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆಟೋಕ್ಯಾಡಿನಲ್ಲಿ ಡೈನಮಿಕ್ ಇನ್‌ಪುಟ್ ಎಂಬ ಸೌಕರ್ಯವುಂಟು. ಅದು ಚಾಲನೆಯಲ್ಲಿದ್ದಾಗ ಕರ್ಸರಿನ ಪಕ್ಕದಲ್ಲಿ ನಮೂದಿಸಿದ ಎರಡನೆಯ ಬಿಂದುವನ್ನೂ ಮುಂದಿನವುಗಳನ್ನೂ ಸಹಜವಾಗಿಯೇ ಸಾಪೇಕ್ಷವೆಂದು ಯಂತ್ರವು ಗ್ರಹಿಸುತ್ತದೆ. ನಿರಪೇಕ್ಷ ಬೇಕಾದರೆ # ಚಿಹ್ನೆಯನ್ನು ಹಚ್ಚಬೇಕು. ಅದು ಚಾಲನೆಯಲ್ಲಿಲ್ಲದಾಗ @ ಇಲ್ಲದ ಸಂಖ್ಯೆಯು ನಿರಪೇಕ್ಷವೇ ಆಗುತ್ತದೆ. ಒಂದೇ ಸಂಖ್ಯೆಯನ್ನು ಒತ್ತಿದರೂ ಒಂದು ಯಂತ್ರದಲ್ಲಿ ಒಂದು ಗೆರೆ, ಮತ್ತೊಂದರಲ್ಲಿ ಬೇರೊಂದು ಗೆರೆ ಬರುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ. ಕೆಲಸಕ್ಕೆ ತೊಡಗುವ ಮುನ್ನ ಯಂತ್ರವು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿಕೊಳ್ಳತಕ್ಕದ್ದು.

ಉದಾಹರಣೆ: ಒಂದು ತರಗತಿ ಕೊಠಡಿ

ಒಳಅಳತೆ 7200 ಮತ್ತು 6000 ಮಿಲಿಮೀಟರುಗಳುಳ್ಳ ಒಂದು ಕೊಠಡಿಯನ್ನು ಬರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಗೋಡೆಯ ದಪ್ಪ 230. ಆದುದರಿಂದ ಹೊರಅಳತೆ 7660 ಮತ್ತು 6460. ನಿವೇಶನದ ನೈರುತ್ಯ ಮೂಲೆಯನ್ನು ಮೂಲಬಿಂದುವೆಂದು ಗಣಿಸಿ, ಕೊಠಡಿಯ ಹೊರಮೂಲೆಯು ಅಲ್ಲಿಂದ ಪೂರ್ವಕ್ಕೆ 10000, ಉತ್ತರಕ್ಕೆ 5000 ದೂರದಲ್ಲಿರಲಿ.

ಲೈನ್ ಎಂಬ ಆಜ್ಞೆಯನ್ನು ಕೊಟ್ಟು ಕ್ರಮವಾಗಿ ಹೀಗೆ ನಮೂದಿಸಬೇಕು:

10000,5000
@7660,0
@0,6460
@-7660,0
@0,-6460

ಗೆರೆಯು ಹೊರಟಲ್ಲಿಗೇ ಬಂದು ಸೇರುತ್ತದೆ. ಎಕ್ಸ್ ಬೆಲೆಗಳನ್ನು ಕೂಡಿದರೆ ಸೊನ್ನೆ, ವೈ ಬೆಲೆಗಳನ್ನು ಕೂಡಿದರೂ ಸೊನ್ನೆ. ಮುಚ್ಚಿದ ಆಕೃತಿಯಲ್ಲೆಲ್ಲ ಸಾಪೇಕ್ಷ ಹೆಜ್ಜೆಗಳ ಮೊತ್ತವು ಸೊನ್ನೆಯೇ ಆಗತಕ್ಕದ್ದು. ಆಗದಿದ್ದರೆ ಎಲ್ಲಿಯೋ ಒಂದು ಅಂಕಿ ತಪ್ಪಿದೆ ಎಂದು ತಿಳಿಯಬೇಕು.

ಈ ಪಟ್ಟಿಯಲ್ಲಿ ಮೊದಲ ಸಾಲು ಮಾತ್ರ ನಿರಪೇಕ್ಷ, ಉಳಿದ ನಾಲ್ಕು ಸಾಪೇಕ್ಷ. ಮೊದಲನೆಯದು ಕೊಠಡಿಯ ನೆಲೆಯನ್ನು ಹೇಳುತ್ತದೆ, ಉಳಿದವು ಅದರ ಆಕಾರವನ್ನು ಹೇಳುತ್ತವೆ. ಕೊಠಡಿಯನ್ನು ಎರಡು ಮೀಟರು ಉತ್ತರಕ್ಕೆ ಸರಿಸಿ ಬರೆಯಬೇಕೆಂದು ನಿಶ್ಚಯವಾದರೆ ಮೊದಲ ಸಾಲನ್ನು 10000,7000 ಎಂದು ತಿದ್ದಿದರೆ ಸಾಕು, ಆಕಾರವು ಕದಲುವುದಿಲ್ಲ. ಎಲ್ಲವನ್ನೂ ನಿರಪೇಕ್ಷವಾಗಿ ಬರೆದಿದ್ದರೆ ಪ್ರತಿಯೊಂದು ಮೂಲೆಯನ್ನೂ ಮತ್ತೆ ಲೆಕ್ಕ ಹಾಕಬೇಕಾಗುತ್ತಿತ್ತು. ನೆಲೆಗೂ ಆಕಾರಕ್ಕೂ ಇರುವ ಈ ವಿವೇಕವೇ ಸಾಪೇಕ್ಷ ಕ್ರಮದ ಮುಖ್ಯ ಪ್ರಯೋಜನ.

ಒಳಗೋಡೆಯ ಗೆರೆಗೆ ರೆಕ್ಟ್ಯಾಂಗಲ್ ಆಜ್ಞೆಯನ್ನು ಬಳಸಬಹುದು. ಹೊರಮೂಲೆಯಿಂದ @230,230 ದೂರದಲ್ಲಿ ಒಳಮೂಲೆ. ಅಲ್ಲಿಂದ @7200,6000 ಎಂದು ಎದುರು ಮೂಲೆಯನ್ನು ಹೇಳಿದರೆ ಆಯತವು ಪೂರ್ಣವಾಗುತ್ತದೆ.

ಇದ್ದ ಮೂಲೆಯಿಂದ ಬಾಗಿಲಿಗೆ

ಬಾಗಿಲು ದಕ್ಷಿಣದ ಗೋಡೆಯಲ್ಲಿ, ಆಗ್ನೇಯದ ಒಳಮೂಲೆಯಿಂದ 300 ಮಿಲಿಮೀಟರು ಬಿಟ್ಟು, 1200 ಅಗಲವಾಗಿ ಬರಬೇಕು. ಇಲ್ಲಿ ಗೆರೆ ಪ್ರಾರಂಭವಾಗಬೇಕಾದ ಎಡೆಯಲ್ಲಿ ಗುರುತೇನೂ ಇಲ್ಲ, ಗುರುತಿರುವುದು ಮೂಲೆಯಲ್ಲಿ. ಇಂಥ ಸಂದರ್ಭಕ್ಕೆಂದೇ ಫ್ರಂ ಎಂಬ ಸಹಾಯಕ ಆಜ್ಞೆಯಿದೆ. ಅದರ ಹೆಸರೇ ಪಂಚಮೀ ವಿಭಕ್ತಿ. ಲೈನ್ ಆಜ್ಞೆಯು ಮೊದಲ ಬಿಂದುವನ್ನು ಕೇಳಿದಾಗ ಫ್ರಂ ಎಂದು ಕೊಟ್ಟು, ಆಗ್ನೇಯದ ಒಳಮೂಲೆಯನ್ನು ಆಧಾರವಾಗಿ ಹಿಡಿದು, @-300,0 ಎಂದು ನಮೂದಿಸಬೇಕು. ಗೆರೆಯು ಅಲ್ಲಿಂದ ಪ್ರಾರಂಭವಾಗುತ್ತದೆ. ಬಳಿಕ @-1200,0 ಎಂದರೆ ಬಾಗಿಲಿನ ಇನ್ನೊಂದು ಅಂಚು. ಲೆಕ್ಕದಿಂದ ಪರೀಕ್ಷಿಸುವುದಾದರೆ ಆಗ್ನೇಯದ ಒಳಮೂಲೆ 17430,5230. ಬಾಗಿಲಿನ ಅಂಚುಗಳು 17130,5230 ಮತ್ತು 15930,5230. ಆಧಾರವನ್ನು ಹಿಡಿದ ಮೇಲೆ ಕೊಡುವ ಸಂಖ್ಯೆಗೆ @ ಚಿಹ್ನೆಯನ್ನು ಮರೆತರೆ ಹಿಡಿದ ಆಧಾರವು ನಿಷ್ಫಲವಾಗುತ್ತದೆ.

ಮೂಲೆಯನ್ನು ಹಿಡಿಯುವುದು ಕಣ್ಣಂದಾಜಿನಿಂದ ಆಗತಕ್ಕದ್ದಲ್ಲ. ತೆರೆಯ ಮೇಲೆ ಎರಡು ಗೆರೆಗಳು ಕೂಡಿದಂತೆಯೇ ಕಂಡರೂ ಹಿಗ್ಗಿಸಿ ನೋಡಿದಾಗ ನಡುವೆ ಎಡೆ ಇರಬಹುದು. ಆದುದರಿಂದ ಆಬ್ಜೆಕ್ಟ್ ಸ್ನ್ಯಾಪ್ ಎಂಬ ಸೌಕರ್ಯದಿಂದ ಗೆರೆಯ ತುದಿ, ನಡು, ಛೇದಬಿಂದು, ವೃತ್ತದ ಕೇಂದ್ರ ಮೊದಲಾದವುಗಳನ್ನು ಯಂತ್ರದಿಂದಲೇ ಹಿಡಿಸಬೇಕು. ಆಧಾರವು ಕೂದಲೆಳೆಯಷ್ಟು ತಪ್ಪಿದರೆ ಅದರಿಂದ ಅಳೆದ ಸರಿಯಾದ ಅಳತೆಯೂ ಅಷ್ಟೇ ತಪ್ಪುತ್ತದೆ.

ಮತ್ತೊಂದು ಸೂಕ್ಷ್ಮವುಂಟು. ‘ಕೊನೆಯ ಬಿಂದು’ ಎಂದರೆ ಬರೆಯುವವನ ಮನಸ್ಸಿನಲ್ಲಿರುವ ಬಿಂದುವಲ್ಲ. ಯಂತ್ರದ ಸ್ಮೃತಿಯಲ್ಲಿರುವ ಬಿಂದು. ನಡುವೆ ಐಡಿ ಎಂಬ ಆಜ್ಞೆಯಿಂದ ಬೇರೊಂದು ಬಿಂದುವಿನ ಬೆಲೆಯನ್ನು ವಿಚಾರಿಸಿದರೆ ಅದೇ ಕೊನೆಯ ಬಿಂದುವಾಗುತ್ತದೆ. ತಿಳಿಯದವನಿಗೆ ಇದು ತೊಡಕು. ತಿಳಿದವನಿಗೆ ಇದೇ ಉಪಾಯ. ಬೇಕಾದ ಮೂಲೆಯನ್ನು ಐಡಿಯಿಂದ ಸೂಚಿಸಿ, ಮುಂದಿನ ಆಜ್ಞೆಯನ್ನು @ ಚಿಹ್ನೆಯಿಂದ ಪ್ರಾರಂಭಿಸುವುದು ನಕ್ಷೆಗಾರರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆರ್ಕಿಕ್ಯಾಡಿನಲ್ಲಿ ಬಳಕೆದಾರನ ಮೂಲಬಿಂದುವನ್ನೇ ಬೇಕಾದ ಮೂಲೆಗೆ ತಾತ್ಕಾಲಿಕವಾಗಿ ಒಯ್ದು ಅಲ್ಲಿಂದ ಎಣಿಸಬಹುದು; ಯೋಜನೆಯ ನಿಜವಾದ ಮೂಲಬಿಂದುವು ತನ್ನ ಸ್ಥಳದಲ್ಲಿಯೇ ಇರುತ್ತದೆ.

ದೂರ ಮತ್ತು ಕೋನ

ಎಲ್ಲ ಗೆರೆಗಳೂ ಅಕ್ಷಗಳಿಗೆ ಸಮಾನಾಂತರವಾಗಿರುವುದಿಲ್ಲ. ಓರೆಯಾದ ಗೆರೆಗೆ ದೂರವನ್ನೂ ಕೋನವನ್ನೂ ಹೇಳುವ ಧ್ರುವೀಯ ಕ್ರಮವಿದೆ. @3000<30 ಎಂದರೆ ಹಿಂದಿನ ಬಿಂದುವಿನಿಂದ 30 ಅಂಶಗಳ ಕೋನದಲ್ಲಿ 3000 ದೂರ. ಸಾಮಾನ್ಯ ವ್ಯವಸ್ಥೆಯಲ್ಲಿ ಕೋನವನ್ನು ಪೂರ್ವದಿಂದ ಪ್ರಾರಂಭಿಸಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎಣಿಸಲಾಗುತ್ತದೆ. ಉತ್ತರವು 90, ಪಶ್ಚಿಮವು 180, ದಕ್ಷಿಣವು 270.

ಈ ಎರಡು ಕ್ರಮಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಚನೆಗೆ ಒಂದು ನಿದರ್ಶನವನ್ನು ನೋಡಬಹುದು. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗಾಗಿ ಶಾಲೆಯ ಜಗಲಿಗೆ ಇಳಿಜಾರು ದಾರಿಯನ್ನು ಕಟ್ಟಬೇಕಾಗಿದೆ. ಜಗಲಿಯ ಎತ್ತರ 450. ಒಂದಕ್ಕೆ ಹನ್ನೆರಡರ ಇಳಿಜಾರಾದರೆ ನೆಲದ ಮೇಲಿನ ಉದ್ದ 5400. ಪಾರ್ಶ್ವನೋಟದಲ್ಲಿ ಇದನ್ನು @5400,450 ಎಂದು ಬರೆದರೆ ಗೆರೆಯು ಜಗಲಿಯ ಅಂಚನ್ನು ಸರಿಯಾಗಿ ಮುಟ್ಟುತ್ತದೆ. ಇಳಿಜಾರಿನ ಕೋನವು ಸುಮಾರು 4.76 ಅಂಶವೆಂದು ತಿಳಿದ ವಿದ್ಯಾರ್ಥಿಯು @5400<4.76 ಎಂದು ಬರೆದನೆನ್ನಿ. ಆಗ 5400 ಎಂಬುದು ನೆಲದ ಉದ್ದವಾಗದೆ ಓರೆಗೆರೆಯ ಉದ್ದವಾಗುತ್ತದೆ. ಗೆರೆಯು ನೆಲದ ಮೇಲೆ ಸುಮಾರು 5381 ಮಾತ್ರ ಸಾಗಿ, ಸುಮಾರು 448 ಮಾತ್ರ ಏರಿ, ಜಗಲಿಯನ್ನು ಮುಟ್ಟದೆ ನಿಲ್ಲುತ್ತದೆ. ಎರಡು ಮಿಲಿಮೀಟರು ಅತ್ಯಲ್ಪವೆಂದು ತೋರಬಹುದು. ಆದರೆ ಕೂಡಬೇಕಾದ ಗೆರೆಗಳು ಕೂಡಲಿಲ್ಲ ಎಂಬುದು ತಪ್ಪಿನ ಗುರುತು. ಅದನ್ನು ಕೈಯಿಂದ ಎಳೆದು ಕೂಡಿಸಿ ಮುಚ್ಚುವುದು ಎರಡನೆಯ ತಪ್ಪು. ಉದ್ದವೂ ಎತ್ತರವೂ ತಿಳಿದಲ್ಲಿ ಅವುಗಳನ್ನೇ ಹೇಳಬೇಕು. ದೂರವೂ ಕೋನವೂ ತಿಳಿದಲ್ಲಿ ಮಾತ್ರ ಧ್ರುವೀಯ ಕ್ರಮವನ್ನು ಹಿಡಿಯಬೇಕು.

ಸರಪಳಿಯ ದೋಷ

ಸಾಪೇಕ್ಷ ಕ್ರಮಕ್ಕೆ ಗುಣವಿರುವಂತೆ ದೋಷವೂ ಇದೆ. ಒಂದು ಮೊಗಸಾಲೆಯಲ್ಲಿ 25000 ಮಿಲಿಮೀಟರುಗಳ ಅಂತರದಲ್ಲಿ ಎಂಟು ಕಂಬಗಳನ್ನು ಸಮನಾಗಿ ನಿಲ್ಲಿಸಬೇಕು. ಎಂಟು ಕಂಬಗಳ ನಡುವೆ ಏಳು ಅಂಕಣಗಳು. ಒಂದು ಅಂಕಣಕ್ಕೆ 3571.43 ಬರುತ್ತದೆ. ದಶಮಾಂಶವನ್ನು ಬಿಟ್ಟು @3571,0 ಎಂದು ಏಳು ಸಲ ನಡೆದರೆ ತಲಪುವುದು 24997ಕ್ಕೆ; ಮೂರು ಮಿಲಿಮೀಟರು ಕೊರತೆ. ಇಷ್ಟಾದರೆ ಚಿಂತೆಯಿಲ್ಲ. ಎರಡನೆಯ ಹೆಜ್ಜೆಯಲ್ಲಿ ಕೈತಪ್ಪಿ 3571ಕ್ಕೆ ಬದಲಾಗಿ 3517 ಎಂದು ಒತ್ತಿದರೆ ಮೂರನೆಯ ಕಂಬದಿಂದ ಎಂಟನೆಯದರವರೆಗೆ ಆರು ಕಂಬಗಳೂ 54 ಮಿಲಿಮೀಟರು ಸರಿದು ನಿಲ್ಲುತ್ತವೆ. ಒಬ್ಬನ ತಪ್ಪು ಹಿಂದೆ ಬಂದವರಿಗೆಲ್ಲ ಹತ್ತುತ್ತದೆ.

ಇದಕ್ಕೆ ಪರಿಹಾರವು ಸಾಪೇಕ್ಷ ಕ್ರಮವನ್ನು ಬಿಡುವುದಲ್ಲ, ಆಧಾರವನ್ನು ಕದಲಿಸದಿರುವುದು. ಪ್ರತಿ ಕಂಬಕ್ಕೂ ಫ್ರಂ ಆಜ್ಞೆಯಿಂದ ಮೊದಲನೆಯ ಕಂಬವನ್ನೇ ಹಿಡಿದು ಕ್ರಮವಾಗಿ @3571,0, @7143,0, @10714,0, @14286,0, @17857,0, @21429,0, @25000,0 ಎಂದು ನಮೂದಿಸಿದರೆ ಯಾವ ಕಂಬವೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ತಪ್ಪುವುದಿಲ್ಲ. ಒಂದು ಅಂಕಿ ಕೈತಪ್ಪಿದರೂ ಆ ಒಂದು ಕಂಬ ಮಾತ್ರ ಕೆಡುತ್ತದೆ. ಉಳಿದವು ಅದರ ತಪ್ಪಿನಲ್ಲಿ ಪಾಲುಗೊಳ್ಳುವುದಿಲ್ಲ. ಗೆರೆಯನ್ನು ಸಮಭಾಗ ಮಾಡಲು ಡಿವೈಡ್ ಎಂಬ ಆಜ್ಞೆಯೂ ಇದೆ. ಅಳತೆ ಬರೆಯುವಾಗಲೂ ಹೀಗೆಯೇ ಎರಡು ಬಗೆ: ಒಂದರ ತುದಿಯಿಂದ ಮತ್ತೊಂದನ್ನು ಅಳೆಯುವ ಕಂಟಿನ್ಯೂ, ಎಲ್ಲವನ್ನೂ ಒಂದೇ ರೇಖೆಯಿಂದ ಅಳೆಯುವ ಬೇಸ್‌ಲೈನ್. ಕಂಬ, ಪಾಯ ಮೊದಲಾದ ಮುಖ್ಯ ಅಂಗಗಳಿಗೆ ಎರಡನೆಯದೇ ಶ್ರೇಯಸ್ಕರ.

ಆಧಾರದ ಆಯ್ಕೆ

ಇನ್ನು ಯಾವುದನ್ನು ಆಧಾರವಾಗಿ ಹಿಡಿಯಬೇಕೆಂಬ ಪ್ರಶ್ನೆ ಉಳಿಯುತ್ತದೆ. ಯಂತ್ರಕ್ಕೆ ಎಲ್ಲ ಬಿಂದುಗಳೂ ಸಮಾನ, ಮೇಸ್ತ್ರಿಗೆ ಹಾಗಲ್ಲ. ಗಾರೆ ಬಳಿದ ಮೇಲಿನ ಮೈಯಿಂದ ಬಾಗಿಲಿನ ಅಳತೆಯನ್ನು ಕೊಟ್ಟರೆ, ಇಟ್ಟಿಗೆಯ ಗೋಡೆಯನ್ನು ಎಬ್ಬಿಸುತ್ತಿರುವ ಮೇಸ್ತ್ರಿಯು ಟೇಪಿನ ತುದಿಯನ್ನು ಎಲ್ಲಿಗೆ ಹಿಡಿಯಬೇಕು? ಆ ಮೈ ಇನ್ನೂ ಹುಟ್ಟಿಯೇ ಇಲ್ಲ. ಆತನು ಒಂದು ಅಂದಾಜನ್ನು ಮಾಡಿಕೊಳ್ಳುತ್ತಾನೆ. ನಕ್ಷೆಯ ನಿಖರತೆಯೆಲ್ಲ ಆ ಒಂದು ಅಂದಾಜಿನಲ್ಲಿ ಕರಗಿಹೋಗುತ್ತದೆ. ಆದುದರಿಂದ ಆಧಾರಕ್ಕೆ ಮೂರು ಲಕ್ಷಣಗಳು ಇರಬೇಕು. ಮೊದಲನೆಯದಾಗಿ, ಅದು ಕೆಲಸದ ನಡುವೆ ಕದಲಬಾರದು. ಎರಡನೆಯದಾಗಿ, ಅಳೆಯುವ ಕಾಲಕ್ಕೆ ಅದು ನೆಲದ ಮೇಲೆ ಇರಬೇಕು. ಮೂರನೆಯದಾಗಿ, ಬೇರೆ ಬೇರೆ ಕೆಲಸದವರೆಲ್ಲರೂ ಅದನ್ನೇ ಆಧಾರವೆಂದು ಒಪ್ಪಿರಬೇಕು. ಗೂಟ ನೆಟ್ಟು ದಾರ ಕಟ್ಟಿದ ಸೆಂಟರ್ ಲೈನಿನಲ್ಲಿ ಈ ಮೂರು ಲಕ್ಷಣಗಳೂ ಇರುವುದರಿಂದಲೇ ಪಾಯದ ಕೆಲಸವು ಅದರಿಂದ ಪ್ರಾರಂಭವಾಗುತ್ತದೆ. ಕಂಬದ ಕೆಲಸದವರು ಒಂದು ಆಧಾರವನ್ನೂ ನೀರಿನ ಕೊಳವೆಯವರು ಮತ್ತೊಂದನ್ನೂ ಹಿಡಿದರೆ, ಇಬ್ಬರ ಅಂಕಿಗಳೂ ಸರಿಯಾಗಿದ್ದು ಕೊಳವೆಯು ತೊಲೆಗೆ ಎದುರಾಗಬಹುದು.

ಉಪಸಂಹಾರ

ಸಾಪೇಕ್ಷ ನಿರ್ದೇಶಾಂಕವನ್ನು ಕಲಿಯುವುದೆಂದರೆ @ ಎಂಬ ಚಿಹ್ನೆಯನ್ನು ಒತ್ತಲು ಕಲಿಯುವುದಷ್ಟೇ ಅಲ್ಲ. ಪ್ರತಿ ಸಂಖ್ಯೆಯನ್ನು ನಮೂದಿಸುವ ಮುನ್ನ ಎಲ್ಲಿಂದ, ಯಾವ ಕಡೆಗೆ, ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವೇ ಅದರ ಸಾರ. ಎಷ್ಟು ಎಂಬುದನ್ನು ಯಂತ್ರವು ತಪ್ಪದೆ ನಡೆಸಿಕೊಡುತ್ತದೆ. ಯಾವ ಕಡೆಗೆ ಎಂಬುದನ್ನು ಕೊಟ್ಟ ಚಿಹ್ನೆಯಂತೆ ಪಾಲಿಸುತ್ತದೆ. ಎಲ್ಲಿಂದ ಎಂಬುದನ್ನು ಮಾತ್ರ ಅದು ವಿಚಾರಿಸುವುದಿಲ್ಲ, ಹೇಳಿದುದನ್ನು ನಂಬುತ್ತದೆ. ಅದನ್ನು ವಿಚಾರಿಸಿ ನಿಶ್ಚಯಿಸುವ ಹೊಣೆ ಬರೆಯುವವನದು. ಆ ಗೋಡೆಗಳ ನಡುವೆ ಮುಂದೆ ಕುಳಿತು ಓದುವ ಮಕ್ಕಳು ನಕ್ಷೆಯನ್ನು ನೋಡುವುದಿಲ್ಲ. ಅದನ್ನು ಬರೆದವನ ಎಚ್ಚರವನ್ನು ನಂಬಿ ಕುಳಿತಿರುತ್ತಾರೆ.

ಅಭ್ಯಾಸ

1. ಮೇಲಿನ ಕೊಠಡಿಯ ಉತ್ತರದ ಗೋಡೆಯಲ್ಲಿ 1200 ಅಗಲದ ಮೂರು ಕಿಟಕಿಗಳು ಸಮಾನ ಅಂತರದಲ್ಲಿ ಬರಬೇಕು. ವಾಯವ್ಯದ ಒಳಮೂಲೆಯಿಂದ ಪ್ರತಿ ಕಿಟಕಿಯ ಎರಡು ಅಂಚುಗಳ ಸಾಪೇಕ್ಷ ನಿರ್ದೇಶಾಂಕಗಳನ್ನು ಬರೆಯಿರಿ. (ಉತ್ತರ: @900,0 ಮತ್ತು @2100,0, @3000,0 ಮತ್ತು @4200,0, @5100,0 ಮತ್ತು @6300,0.)

2. ಜಗಲಿಯ ಎತ್ತರ 300 ಆದರೆ ಒಂದಕ್ಕೆ ಹನ್ನೆರಡರ ಇಳಿಜಾರನ್ನು ಯಾವ ಸಾಪೇಕ್ಷ ನಿರ್ದೇಶಾಂಕದಿಂದ ಬರೆಯಬೇಕು? (ಉತ್ತರ: @3600,300.)

3. ತಮ್ಮ ತರಗತಿಯ ಕರಿಹಲಗೆಯ ಸ್ಥಾನವನ್ನು ಮೊದಲು ಬಾಗಿಲಿನಿಂದಲೂ ಬಳಿಕ ಗೋಡೆಯ ಮೂಲೆಯಿಂದಲೂ ಅಳೆದು ಬರೆಯಿರಿ. ಎರಡರಲ್ಲಿ ಯಾವುದು ಒಳ್ಳೆಯ ಆಧಾರವೆಂಬುದನ್ನು ಕಾರಣಸಹಿತ ವಿವರಿಸಿರಿ.